ಹತ್ತು ದಿನ ಮುಂದಿದ್ದ ಊರು

ಕೆಳಗಿನ ಮನೆಯ ಹೇಬರ್ಲೆ ಅಜ್ಜಿಯ ಹುಟ್ಟುಹಬ್ಬ ಭಾನುವಾರವಿತ್ತು. ಶುಕ್ರವಾರ ಒಳ್ಳೆಯ ದಿನವೆಂದು, ಮೈಸೂರಿನಿಂದ ಮಗಳ ಮನೆಗೆ ಬಂದಿದ್ದ ಕಾಂತಮ್ಮ ಅವತ್ತೇ ಕೇಸರಿಬಾತು ಮಾಡಿ, ತಟ್ಟೆಯಲ್ಲಿ ಅರಿಶಿನ ಕುಂಕುಮ ಇಟ್ಟುಕೊಂಡು ಹೋಗಿ ಅವರ ಮನೆಯ ಬೆಲ್ ಒತ್ತಿದ್ದರು. 'ಹ್ಯಾಪಿ ಬರ್ತ್‌ಡೇ' ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಹೇಬರ್ಲೆ ಅಜ್ಜಿ ಹಾವು ತುಳಿದವರಂತೆ ಹಿಂದೆ ಸರಿದು, ಕೆಡುಕು ತಟ್ಟದಿರಲೆಂದು ಬಾಗಿಲ ಮರವನ್ನು ಮೂರು ಸಲ ಕುಟ್ಟಿದರು. ಕಾಂತಮ್ಮನ ಮಗಳು ಕೀರ್ತಿ ಹಿಟ್ಟಿನ ಕೈಯಲ್ಲೇ ಮೆಟ್ಟಿಲಿಳಿದು ಓಡಿಬಂದು, ಜರ್ಮನಿಯಲ್ಲಿ ಹುಟ್ಟಿದ ದಿನಕ್ಕೆ ಮುಂಚೆ ಹಾರೈಸಿದರೆ ಅಪಶಕುನ ಎಂದು ಅಮ್ಮನಿಗೆ ಬಿಡಿಸಿ ಹೇಳಬೇಕಾಯಿತು. ಕೇಸರಿಬಾತು ಮಾತ್ರ ಒಳಗೆ ಹೋಯಿತು, ಹಾರೈಕೆ ವಾಪಸು ಬಂತು.

ಆಗ ಮನೆಯವರೆಲ್ಲ ನಕ್ಕಿದ್ದರು. ಈಗ ಅದೇ ಶಾಸ್ತ್ರ ಅವರ ಕುತ್ತಿಗೆಗೇ ಬಂದಿತ್ತು.

ಕೀರ್ತಿಯ ಮಗಳು ಸ್ಪಂದನಾಗೆ ಅಕ್ಟೋಬರ್ ಹದಿನಾಲ್ಕಕ್ಕೆ ಹತ್ತು ತುಂಬುತ್ತಿತ್ತು. ಕಾಂತಮ್ಮನ ವೀಸಾ ಮುಗಿಯುವುದರಿಂದ ಐದನೇ ತಾರೀಖಿಗೇ ಬೆಂಗಳೂರಿನ ವಿಮಾನ. ಮೊಮ್ಮಗಳ ಒಂದೊಂದು ಹುಟ್ಟುಹಬ್ಬವನ್ನೂ ಅವರು ಮೈಸೂರಿನಲ್ಲಿ ಕೂತು ಫೋನಿನಲ್ಲೇ ನೋಡಿದವರು. ಆರತಿ ತಟ್ಟೆಯನ್ನು ಕ್ಯಾಮೆರಾಕ್ಕೆ ಎತ್ತಿ ಎತ್ತಿ ಸಾಕಾಗಿತ್ತು.

"ಒಂದೇ ಒಂದು ಸಲ ಮಗು ಮುಖ ನೋಡ್ಕೊಂಡು ಆರತಿ ಎತ್ತಬೇಕು ಕಣೆ, ಅಷ್ಟೇ ನನ್ನಾಸೆ," ಎಂದರು ಕಾಂತಮ್ಮ.

ನಾಲ್ಕನೇ ತಾರೀಖು ಶನಿವಾರ, ಅವತ್ತೇ ಮಾಡಿಬಿಡೋಣ ಎಂದು ಕೀರ್ತಿ ಹೊರಟರೆ ಯಾರೂ ಒಪ್ಪಲಿಲ್ಲ. ಸ್ಪಂದನಾಳ ಗೆಳತಿ ಲೇನಾ ಬರುವುದಿಲ್ಲ ಎಂದಳು. ಹೇಬರ್ಲೆ ಅಜ್ಜಿಯಂತೂ ಕೈ ಮುಂದೆ ಚಾಚಿ ತಡೆದರು. ಇಲ್ಲೇ ಹುಟ್ಟಿ ಬೆಳೆದ ಸ್ಪಂದನಾ ಕೂಡ, "ನೋ ವೇ ಅಜ್ಜಿ, ಅದು ಊನ್‌ಗ್ಲುಕ್! ಬ್ಯಾಡ್ ಲಕ್!" ಎಂದು ಕಿವಿ ಮುಚ್ಚಿಕೊಂಡಳು.

"ತಾರೀಖು ಬೇಡ, ನಕ್ಷತ್ರದ ಪ್ರಕಾರ ನೋಡಿ ಅತ್ತೆ," ಎಂದು ಅಳಿಯ ಸುಮನ್ ಉಪಾಯ ಹೇಳಿದ. ಪಂಚಾಂಗ ತೆಗೆದರೆ ನಕ್ಷತ್ರ ಇನ್ನೂ ಒಂದು ವಾರ ಮುಂದಕ್ಕೆ ಹೋಗಿತ್ತು.

"ನೋಡಿದ್ಯಾ, ಪಂಚಾಂಗಾನೂ ಜರ್ಮನಿಯವರ ಪಕ್ಷ ಸೇರ್ಕೊಂಡ್ತು," ಎಂದು ಕಾಂತಮ್ಮ ಅದನ್ನು ಮಡಚಿ ಸೂಟ್‌ಕೇಸಿಗೆ ತುರುಕಿದರು.

ಮರುದಿನ ಸಂಜೆ ಕೀರ್ತಿ ಚಪಾತಿ ಲಟ್ಟಿಸುತ್ತಿದ್ದಳು. ಕಾಂತಮ್ಮ ಬಟಾಣಿ ಬಿಡಿಸುತ್ತಿದ್ದರು. ಸ್ಪಂದನಾ ಅಡುಗೆಮನೆಯ ಮೇಜಿನ ಮೇಲೆ ಶಾಲೆಯ ಕೆಲಸ ಹರವಿಕೊಂಡಿದ್ದಳು. ಟೀಚರ್ ಪ್ರತಿ ಮಗುವಿಗೂ ಒಂದೊಂದು ಹಳೆಯ ವರ್ಷ ಹಂಚಿದ್ದರು. ಆ ವರ್ಷ ಯಾರು ಹುಟ್ಟಿದರು, ಯಾರು ಸತ್ತರು, ಏನು ನಡೆಯಿತು ಎಂದು ಹುಡುಕಿ ಹೇಳಬೇಕು. ಸ್ಪಂದನಾಳ ಪಾಲಿಗೆ ಬಂದದ್ದು 1584.

"ಮಮ್ಮಾ, ರಷ್ಯಾದ ಈ ಕಿಂಗ್ ಇವಾನ್ ಎರಡು ಸಲ ಸತ್ತಿದ್ದಾನೆ! ಒಂದ್ಕಡೆ ಮಾರ್ಚ್ ಏಯ್ಟೀನ್ತ್ ಅಂತಿದೆ, ಇನ್ನೊಂದ್ಕಡೆ ಟ್ವೆಂಟಿಎಯ್ತ್."

"ಕೆಟ್ಟ ರಾಜರು ಒಂದೇ ಸಲಕ್ಕೆ ಸಾಯಲ್ಲ ಬಿಡು," ಎಂದರು ಕಾಂತಮ್ಮ.

ಕೀರ್ತಿ ಲಟ್ಟಣಿಗೆ ಬದಿಗಿಟ್ಟು ಮಗಳ ಪಕ್ಕ ಕೂತು ಓದಿದಳು. ಇವಾನ್ ಸಾಯುವ ಎರಡು ವರ್ಷ ಮೊದಲು ಪೋಪ್ ಕ್ಯಾಲೆಂಡರನ್ನು ಹತ್ತು ದಿನ ಮುಂದಕ್ಕೆ ಹಾರಿಸಿದ್ದರು. ಕ್ಯಾಥೊಲಿಕ್ ಊರುಗಳು ಒಪ್ಪಿಕೊಂಡವು. ಪೋಪ್ ಹೇಳಿದರೆ ನಾವೇಕೆ ಕೇಳಬೇಕು ಎಂದು ಪ್ರಾಟೆಸ್ಟಂಟರು ಹಳೆಯದನ್ನೇ ಹಿಡಿದು ಕೂತರು. "ನಮ್ಮ ಬೊಬ್ಲಿಂಗೆನ್ ಹಳೇದು ಹಿಡ್ಕೊಂಡಿತ್ತು. ಪಕ್ಕದ ವೈಲ್ ಡೆರ್ ಷ್ಟಾಟ್ ಕ್ಯಾಥೊಲಿಕ್ ಊರು, ಅಲ್ಲಿ ಹೊಸದು."

"ಅಂದ್ರೆ ಇಲ್ಲಿ ಅಕ್ಟೋಬರ್ ನಾಲ್ಕು ಆಗಿದ್ರೆ ಅಲ್ಲಿ...?"

"ಹದಿನಾಲ್ಕು," ಎಂದ ಮೇಲೆಯೇ ಕೀರ್ತಿ ಮಗಳ ಕಣ್ಣು ನೋಡಿದ್ದು. ಒಲೆಯ ಮೇಲಿನ ಚಪಾತಿ ಸೀಯುತ್ತಿತ್ತು. ಯಾರೂ ಅದರ ಕಡೆ ತಿರುಗಲಿಲ್ಲ.

ಮೂವರೂ ಕೆಳಗಿಳಿದರು. ಹೇಬರ್ಲೆ ಅಜ್ಜಿ ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಕೇಳಿದರು. ಸ್ಪಂದನಾ ಅವರನ್ನು 'ಓಮಾ', ಅಂದರೆ ಅಜ್ಜಿ, ಎಂದು ಕರೆಯುತ್ತ ಜರ್ಮನ್‌ನಲ್ಲಿ ವಾದಿಸುತ್ತಿದ್ದರೆ, ಕೀರ್ತಿ ಅಮ್ಮನ ಕಿವಿಯಲ್ಲಿ ಕನ್ನಡದಲ್ಲಿ ಹೇಳುತ್ತ ಹೋದಳು.

"ಮಗೂ, ಅದು ನಾನೂರು ವರ್ಷದ ಹಿಂದಿನ ಕಥೆ."

"ಮುಂಚೆ ವಿಶ್ ಮಾಡಬಾರದು ಅನ್ನೋದು ಎಷ್ಟು ಹಳೇದು, ಓಮಾ?"

"ತುಂಬಾ ತುಂಬಾ ಹಳೇದು."

"ಹಳೇ ರೂಲಿಗೆ ಆ ಹಳೇ ಕಾಲದ ಲೆಕ್ಕಾನೇ ಸರಿ ಅಲ್ವಾ? ಶನಿವಾರ ಆ ಊರಲ್ಲಿ ಹದಿನಾಲ್ಕು!"

ಹೇಬರ್ಲೆ ಅಜ್ಜಿಯ ತುಟಿಯ ಅಂಚು ಸ್ವಲ್ಪವೇ ಅಲುಗಿತು. "ಆದರೆ ಆ ಊರು ಮುಟ್ಟುವ ತನಕ ಯಾರೂ ಬಾಯಿ ಬಿಡಕೂಡದು," ಎಂದರು.

ಶನಿವಾರ ಎಸ್-ಬಾನ್ ರೈಲಿನಲ್ಲಿ ಅವರು ಸಾವಿನ ಮನೆಗೆ ಹೊರಟವರಂತೆ ಮೌನವಾಗಿ ಕೂತಿದ್ದರು. ಲೇನಾ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಸುಮನ್ ಕೇಕಿನ ಡಬ್ಬ ಹಿಡಿದಿದ್ದ. ಕಾಂತಮ್ಮ ತೊಡೆಯ ಮೇಲೆ ಆರತಿ ತಟ್ಟೆಯ ಚೀಲ ಇಟ್ಟುಕೊಂಡು, ಮೊಮ್ಮಗಳ ಹೊಸ ಲಂಗ ನೋಡಿ ತಡೆಯಲಾರದೆ, "ನೂರು ಕಾಲ..." ಎಂದು ಶುರುಮಾಡಿದರು.

"ನೋಖ್ ನಿಖ್ಟ್!" ಹೇಬರ್ಲೆ ಅಜ್ಜಿಯ ಬೆರಳು ಮೇಲೆದ್ದಿತು. ಇನ್ನೂ ಇಲ್ಲ ಎಂದು ಯಾರೂ ಅನುವಾದಿಸಬೇಕಾಗಿರಲಿಲ್ಲ. ಕಾಂತಮ್ಮ ಉಳಿದ ಹಾರೈಕೆಯನ್ನು ನುಂಗಿಕೊಂಡರು.

ವೈಲ್ ಡೆರ್ ಷ್ಟಾಟ್‌ನಲ್ಲಿ ಹೇಬರ್ಲೆ ಅಜ್ಜಿಯೇ ಮೊದಲು ಇಳಿದರು. ನೆಲ ಗಟ್ಟಿಯಿದೆಯೇ ಎಂದು ನೋಡುವವರಂತೆ ಕೋಲಿನಿಂದ ಪ್ಲಾಟ್‌ಫಾರಂ ಕುಟ್ಟಿ, ಕೈಗಡಿಯಾರ ನೋಡಿ, ಆಮೇಲೆ ತೋಳು ಅಗಲಿಸಿ ಹಾರೈಸಿದರು. "ಆಲೆಸ್ ಗೂಟೆ, ಸ್ಪಂದನಾ!"

ಪೇಟೆಯ ಚೌಕದಲ್ಲಿ, ಆ ಊರಲ್ಲೇ ಹುಟ್ಟಿ ಗ್ರಹಗಳ ದಾರಿ ಲೆಕ್ಕಹಾಕಿದ ವಿಜ್ಞಾನಿಯ ಪ್ರತಿಮೆಯ ಬುಡದಲ್ಲಿ ಆರತಿಯಾಯಿತು. ಗಾಳಿಗೆ ದೀಪ ಎರಡು ಸಲ ಆರಿತು. ಮೂರನೆಯ ಸಲ ಹೇಬರ್ಲೆ ಅಜ್ಜಿ ತಮ್ಮ ಕೋಟು ಬಿಚ್ಚಿ ಮರೆ ಹಿಡಿದರು. ಕಾಂತಮ್ಮ ಮೊಮ್ಮಗಳ ಕೆನ್ನೆ ಸವರಿ, ಲಟಿಕೆ ಮುರಿದು, ಮುಖವನ್ನು ನೋಡುತ್ತಲೇ ನಿಂತುಬಿಟ್ಟರು. ಫೋನು ಹಿಡಿದಿದ್ದ ಕೀರ್ತಿಗೆ ಯಾಕೋ ಪರದೆ ಮಸುಕಾಗಿ ಕಂಡಿತು.

ಮಗಳ ಮುಖ ಕಂಡೇ ಇರಬೇಕು, ಕಾಂತಮ್ಮ ಇದ್ದಕ್ಕಿದ್ದಂತೆ ತಟ್ಟೆ ಕೆಳಗಿಟ್ಟರು. "ಅಲ್ಲ ಕಣೆ, ಇಲ್ಲಿ ಹದಿನಾಲ್ಕು ಅಂದ್ರೆ ನನ್ನ ವಿಮಾನ ಹೋಗಿ ಒಂಬತ್ತು ದಿನ ಆಯ್ತಲ್ಲ! ಇನ್ನೇನು ಮಾಡಕ್ಕಾಗತ್ತೆ, ಇಲ್ಲೇ ಇರ್ತೀನಿ."

"ವೀಸಾ ಕೂಡ ಮುಗಿದಿದೆ ಅತ್ತೆ, ಪೊಲೀಸರು ಬರ್ತಾರೆ," ಎಂದ ಸುಮನ್.

"ಬರ್ಲಿ. ಅವರಿಗೂ ಒಂದು ತುಂಡು ಕೇಕ್ ಕೊಡು."

ಕೀರ್ತಿ ಅನುವಾದಿಸಿದಾಗ ಹೇಬರ್ಲೆ ಅಜ್ಜಿ ನಕ್ಕು ನಕ್ಕು ಪ್ರತಿಮೆಯ ಕಟ್ಟೆ ಹಿಡಿದುಕೊಂಡರು. ಆಮೇಲೆ ಕೆಂಪು ರಿಬ್ಬನ್ ಕಟ್ಟಿದ ಪೊಟ್ಟಣವೊಂದನ್ನು ಸ್ಪಂದನಾಳ ಕೈಗಿಟ್ಟರು. ಮನೆಗೆ ಹೋಗಿ ಬಿಚ್ಚಬೇಕೆಂದು ಅವಳು ರೈಲಿನುದ್ದಕ್ಕೂ ಅದನ್ನು ಅಲ್ಲಾಡಿಸಿ ಅಲ್ಲಾಡಿಸಿ ಕಿವಿಗೊಟ್ಟು ಕೇಳಿದಳು.

ಬೊಬ್ಲಿಂಗೆನ್‌ನಲ್ಲಿ ಇಳಿಯುತ್ತಲೇ ಹೇಬರ್ಲೆ ಅಜ್ಜಿ ಕೈ ಚಾಚಿದರು.

"ಕೊಡು."

"ಓಮಾ!"

"ಇಲ್ಲಿ ಇನ್ನೂ ನಾಲ್ಕನೇ ತಾರೀಖು. ನಿನಗೆ ಒಂಬತ್ತೇ ವರ್ಷ. ನಿನ್ನದೇ ರೂಲ್ ತಾನೆ?" ಪೊಟ್ಟಣ ಅವರ ಕೈಚೀಲಕ್ಕೆ ವಾಪಸಾಯಿತು. "ಹದಿನಾಲ್ಕಕ್ಕೆ ನಾನೇ ಮೇಲೆ ಬರ್ತೀನಿ. ನಿಮ್ಮ ಅಜ್ಜಿ ಫೋನಲ್ಲಿ ಇರಬೇಕು. ಅವರು ಮಾಡ್ತಾರಲ್ಲ, ಆ ಕಿತ್ತಳೆ ಬಣ್ಣದ ಸಿಹಿ, ಅದೂ ಇರಬೇಕು."

ಕೀರ್ತಿ ಹೇಳಿದ್ದನ್ನು ಕೇಳಿ ಕಾಂತಮ್ಮ ಹೇಬರ್ಲೆ ಅಜ್ಜಿಯನ್ನು ಮೇಲಿಂದ ಕೆಳಗೆ ನೋಡಿದರು.

"ಭಲೇ ಮುದುಕಿ! ಕೇಸರಿಬಾತಿಗೆ ತುಪ್ಪ ಜಾಸ್ತಿ ಹಾಕೇ ಕೀರ್ತಿ," ಎಂದು, ಮನೆಯವರೆಗೂ ಅವರ ತೋಳು ಹಿಡಿದೇ ನಡೆದರು.