ಚಪ್ಪೆ ನೀರು

ಕ್ಯಾನಿನ ನೀರು ಇಳಿದೇ ಇರಲಿಲ್ಲ. ಮಗಳು ಮೀನಿನ ತೊಟ್ಟಿಯ ಕೆಳಗಿನ ಕಪಾಟಿನ ಮುಂದೆ ಮಂಡಿಯೂರಿ, ಮೊಬೈಲಿನ ಬೆಳಕು ಬಿಟ್ಟು ಮತ್ತೊಮ್ಮೆ ನೋಡಿದಳು. ಹೋದ ವಾರ ಅವಳೇ ಕತ್ತಿನವರೆಗೆ ತುಂಬಿಸಿಟ್ಟಿದ್ದ ಬಿಳಿ ಕ್ಯಾನು. ಈಗಲೂ ಕತ್ತಿನವರೆಗೇ ಇತ್ತು. ಎದ್ದು ತೊಟ್ಟಿ ನೋಡಿದರೆ ಅಲ್ಲಿಯೂ ನೀರು ಗಾಜಿನ ಮೇಲಿನ ಕೆಂಪು ಗೆರೆಗೆ ಸರಿಯಾಗಿ ನಿಂತಿತ್ತು. ಇದು ಬೇಸಿಗೆ. ಫ್ಯಾನು ಹಗಲಿಡೀ ತಿರುಗುತ್ತದೆ. ದಿನಕ್ಕೊಂದು ಲೋಟವಾದರೂ ಆವಿಯಾಗಿ ಹೋಗಲೇಬೇಕು, ಹೋದದ್ದನ್ನು ಯಂತ್ರ ಈ ಕ್ಯಾನಿನಿಂದಲೇ ಎಳೆದು ತುಂಬಬೇಕು.

"ಏನೇ ಅದು, ಕಪಾಟಿನೊಳಗೆ ತಲೆ ತೂರಿಸ್ಕೊಂಡು?" ಅಡುಗೆಮನೆಯಿಂದ ಅಮ್ಮ ಕೇಳಿದಳು.

"ಮಷಿನ್ ಕೆಟ್ಟಿರೋ ಹಾಗಿದೆ ಅಮ್ಮ."

"ಮೀನಿಗಿರೋ ಯೋಗ ನನಗಿಲ್ಲ ನೋಡು. ನನ್ನ ಸ್ಟೀಲ್ ಲೋಟ ಒಂದು ಕಾಣ್ತಿಲ್ಲ, ಅದನ್ನ ಹುಡುಕೋರು ಯಾರೂ ಇಲ್ಲ."

ಅಪ್ಪ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಬೀದಿಯ ಕಡೆ ಮುಖ ಮಾಡಿ ಕೂತಿದ್ದರು. ಮಾತು ಕೇಳಿಸಿದರೂ ತಿರುಗಲಿಲ್ಲ. ಯಂತ್ರ ಬಂದ ದಿನ ಅವರೇ ಆ ಕುರ್ಚಿಯನ್ನು ತೊಟ್ಟಿಗೆ ಬೆನ್ನಾಗುವಂತೆ ತಿರುಗಿಸಿಕೊಂಡಿದ್ದರು.

ಕೆಂಪು ಗೆರೆ ಅಪ್ಪನದೇ. ಅವರು ಅಂಗಡಿಗಳಿಗೆ ಬೋರ್ಡು ಬರೆಯುತ್ತಿದ್ದವರು. ಮುಚ್ಚಿಹೋಗುತ್ತಿದ್ದ ಒಂದು ಕ್ಲಿನಿಕ್ಕಿನಿಂದ ಈ ತೊಟ್ಟಿ ಮನೆಗೆ ಬಂದ ದಿನ, ಹಿಂಬದಿಯ ಗಾಜಿಗೆ ಹೊರಗಿನಿಂದ ನೀಲಿ ಬಳಿದು, ಮುಂದಿನ ಗಾಜಿನ ಮೇಲೆ ಅಳತೆಪಟ್ಟಿ ಇಲ್ಲದೆ, ಉಸಿರು ಬಿಗಿಹಿಡಿದು, ಒಂದೇ ಎಳೆತಕ್ಕೆ ಆ ಗೆರೆ ಎಳೆದಿದ್ದರು. ನೀರು ತುಂಬಿದಾಗ ಗೆರೆಯೂ ನೀರೂ ಕೂದಲೆಳೆ ವ್ಯತ್ಯಾಸವಿಲ್ಲದೆ ಒಂದಾಗಿದ್ದವು. "ನೀರೇ ನನ್ನ ನೋಡಿ ಕಲಿತ್ಕೊಂಡಿದೆ," ಎಂದು ಬಂದವರಿಗೆಲ್ಲ ಹೇಳಿಕೊಂಡಿದ್ದರು.

ಆಗ ಮಗಳು ಚಿಕ್ಕವಳು, ಅವಳ ಗಲ್ಲ ತೊಟ್ಟಿಯ ಕೆಳಗಿನ ಕಪಾಟಿನ ಎತ್ತರಕ್ಕೆ ಸಮ. ಕಪಾಟಿನಲ್ಲಿ ಒಂದೇ ತರಹದ ಎರಡು ಕ್ಯಾನುಗಳು: ವಾರಕ್ಕೊಮ್ಮೆ ನೀರು ಬದಲಿಸಲು ಉಪ್ಪು ಕದಡಿದ್ದು ಒಂದು, ದಿನವೂ ತುಂಬಲು ಚಪ್ಪೆಯದು ಇನ್ನೊಂದು. ಬೆಳಿಗ್ಗೆ ಅಪ್ಪ ಲೋಟ ತುಂಬಿ ಮೊದಲು ಅವಳ ಮುಂದೆ ಹಿಡಿಯುತ್ತಿದ್ದರು.

"ಉಪ್ಪೋ, ಚಪ್ಪೆಯೋ?"

ಅವಳು ಒಂದು ಗುಟುಕು ಕುಡಿದು, ಕಣ್ಣು ಮುಚ್ಚಿ, ದೊಡ್ಡ ಅಧಿಕಾರಿಯ ಹಾಗೆ ಹೇಳಬೇಕು: "ಚಪ್ಪೆ." ಆಮೇಲೇ ಸುರಿಯುವುದು.

"ಸಮುದ್ರದ ಮೀನಿಗೆ ಚಪ್ಪೆ ನೀರು ಯಾಕಪ್ಪಾ?"

"ಆವಿಯಾಗಿ ಹೋಗೋದು ನೀರು ಮಾತ್ರ ಮರಿ. ಉಪ್ಪು ಎಲ್ಲೂ ಹೋಗಲ್ಲ, ಇಲ್ಲೇ ಕೂತಿರುತ್ತೆ. ಅದರ ಮೇಲೆ ಮತ್ತೆ ಉಪ್ಪು ಹಾಕಿದ್ರೆ ಪಾಪ, ಉಸಿರಾಡೋದು ಹ್ಯಾಗೆ?"

ಒಂದು ದಿನ ಬೇಕೆಂದೇ ಅವಳು "ಉಪ್ಪು!" ಎಂದಿದ್ದಳು. ಅಪ್ಪ ಗಾಬರಿಗೊಂಡವರಂತೆ ಹುಬ್ಬೇರಿಸಿ, ಲೋಟವನ್ನು ಪೂರ್ತಿ ಗಟಗಟ ಕುಡಿದು, ಮುಖ ಹಿಂಡಿ, "ಅಯ್ಯೋ, ಸಮುದ್ರಾನೇ ಕುಡಿದುಬಿಟ್ಟೆ!" ಎಂದಿದ್ದರು. ಅವಳು ನಕ್ಕು ನಕ್ಕು ನೆಲದ ಮೇಲೆ ಕೂತುಬಿಟ್ಟಿದ್ದಳು. ಹೈಸ್ಕೂಲಿಗೆ ಬಂದ ಮೇಲೆ ಬೆಳಗಿನ ಹೊತ್ತು ಜಡೆಗೇ ಸಾಲದಾಯಿತು. ರುಚಿ ನೋಡುವುದು ಎಂದು ನಿಂತಿತೋ ಅವಳಿಗೆ ನೆನಪಿಲ್ಲ.

ಹೋದ ವರ್ಷ ಅಪ್ಪನ ಬಲಗೈಗೆ ಲಕ್ವ ತಗುಲಿತು. ಕುಂಚ ಹಿಡಿಯುವುದು ನಿಂತರೂ ತೊಟ್ಟಿಯ ಕೆಲಸ ಬಿಡಲಿಲ್ಲ. ಅಮ್ಮ ಕಪಾಟು ಒರೆಸುವಾಗ ಕ್ಯಾನುಗಳ ಜಾಗ ಅದಲುಬದಲಾದದ್ದು ಯಾರಿಗೂ ತಿಳಿಯಲಿಲ್ಲ. ದಿನದಿನವೂ ಉಪ್ಪಿನ ಮೇಲೆ ಉಪ್ಪು ಬಿತ್ತು. ಬಿಳಿ ಪಟ್ಟಿಯ ಕಿತ್ತಳೆ ಮೀನುಗಳು ಎರಡಿದ್ದವು. ಒಂದು ದಿನ ಬೆಳಿಗ್ಗೆ ಅವುಗಳಲ್ಲೊಂದು ಮರಳಿನ ಮೇಲೆ ಮಗ್ಗುಲಾಗಿ ಬಿದ್ದಿತ್ತು. ಉಳಿದದ್ದು ಅಪ್ಪ 'ಮುದುಕಿ' ಎಂದು ಕರೆಯುವ ಹಳೆಯ ಹೆಣ್ಣು ಮೀನು.

ಯಾರೂ ಅಪ್ಪನನ್ನು ದೂರಲಿಲ್ಲ. ಮಗಳು ಯಂತ್ರ ತಂದು ಕೂಡಿಸಿದಳು, ಅಷ್ಟೆ. ಅಪ್ಪ ಅದರ ತಂತಿಗಳನ್ನು ನೋಡಿ, "ಒಳ್ಳೇದಾಯ್ತು. ಇನ್ಮೇಲೆ ನನ್ನ ಕೈಗೆ ಏನೂ ಕೊಡಬೇಡಿ," ಎಂದರು. ಅಂದಿನಿಂದ ಚಹಾ ಕೊಡಲು ಹೋದರೂ ಕೈ ಚಾಚುತ್ತಿರಲಿಲ್ಲ. ಮೇಜಿನ ಮೇಲಿಟ್ಟು ದೂರ ಸರಿದ ಮೇಲೆ ಕುಡಿಯುತ್ತಿದ್ದರು. ಅಂಗಿಯ ಗುಂಡಿ ಅಮ್ಮ ಹಾಕಬೇಕು, ಪೇಪರಿನ ಹಾಳೆ ಅಮ್ಮ ಮಗುಚಬೇಕು. ಹೀಗೇ ಒಂದು ದಿನ ಕುರ್ಚಿಯಿಂದ ಏಳುವುದನ್ನೂ ಬಿಟ್ಟಾರೆಂದು ಮಗಳಿಗೆ ಭಯವಿತ್ತು.

ಅವಳು ಮೀನಿನ ಅಂಗಡಿಯವನಿಗೆ ಫೋನು ಮಾಡಿದಳು.

"ನೀರಿನ ಮೇಲೆ ತೇಲೋ ಬಿಳಿ ಬೆಂಡು ಇದೆಯಲ್ಲ ಮೇಡಂ, ಅದನ್ನ ಸ್ವಲ್ಪ ಕೆಳಗೆ ಒತ್ತಿ. ಮೋಟರ್ ಗುಂಯ್ ಅಂತಾ?"

"ಅಂತು."

"ಮತ್ತೇನು? ಮಷಿನ್ ಗಟ್ಟಿಮುಟ್ಟಾಗಿದೆ. ನೀರು ಉಗುರಿನಷ್ಟು ಇಳಿದ್ಮೇಲೇ ಅದು ಎದ್ದೇಳೋದು. ಇಳೀತಾನೇ ಇಲ್ಲ ಅಂದ್ರೆ, ನಿಮ್ಮ ಹಾಲ್‌ನಲ್ಲಿ ಮಳೆ ಬರ್ತಿರಬೇಕು."

ಅವಳಿಗೆ ನಗು ಬರಲಿಲ್ಲ. ತೊಟ್ಟಿಯಿಂದ ಸ್ವಲ್ಪ ನೀರು ತೆಗೆದು ಉಪ್ಪಿನ ಅಳತೆ ನೋಡಿದಳು. ಸರಿಯಾಗಿತ್ತು. ಅನುಮಾನವಾಗಿ ಮತ್ತೊಮ್ಮೆ ನೋಡಿದಳು. ಸರಿಯಾಗಿಯೇ ಇತ್ತು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅಡುಗೆಮನೆಯಲ್ಲಿ ಫಿಲ್ಟರಿನ ನಲ್ಲಿ ತಿರುಗಿದ ಸದ್ದಾಯಿತು. ಅವಳು ಕೋಣೆಯ ಬಾಗಿಲ ಸಂದಿಯಲ್ಲಿ ನಿಂತಳು. ಅಪ್ಪ ಗೋಡೆಗೆ ಭುಜ ತಾಗಿಸಿಕೊಂಡು ಬಂದರು. ಎಡಗೈಯಲ್ಲಿ ಅಮ್ಮನ ಸ್ಟೀಲ್ ಲೋಟ. ತೊಟ್ಟಿಯ ಮುಂದೆ ನಿಂತು ಒಂದು ಗುಟುಕು ಕುಡಿದರು. ನುಂಗದೆ ಬಾಯಲ್ಲೇ ಇಟ್ಟುಕೊಂಡು, ಕಣ್ಣು ಮುಚ್ಚಿ, ಬಹಳ ಹೊತ್ತು ನಿಂತರು. ಆಮೇಲೆ ನುಂಗಿ, ಬಗ್ಗಿ, ಕಣ್ಣನ್ನು ಕೆಂಪು ಗೆರೆಯ ಮಟ್ಟಕ್ಕೆ ತಂದು, ಮೂಲೆಯಲ್ಲಿ ನೂಲಿನಂತೆ ನೀರು ಬಿಟ್ಟರು. ನೆಲಕ್ಕೆ ನಾಲ್ಕು ಹನಿ ಬಿದ್ದವು. ಕಾಲಿನಿಂದಲೇ ಕಾಲೊರೆಸನ್ನು ಎಳೆದು ಅವನ್ನು ಮುಚ್ಚಿದರು.

"ಬಂದ್ಯಾ ಮುದುಕಿ," ಎಂದರು ಮೆಲ್ಲಗೆ. ಲೋಟವನ್ನು ತೊಟ್ಟಿಯ ಹಿಂದೆ ಅಡಗಿಸಿ, ಕುರ್ಚಿಗೆ ಹೋಗಿ, ಬೀದಿಯ ಕಡೆ ಮುಖ ಮಾಡಿ ಕೂತರು.

ಒಂದು ದಿನ ರುಚಿ ನೋಡಲು ಮರೆತರೆ? ಕಾಲು ಜಾರಿದರೆ? ಅವಳು ಬಾಗಿಲಿನಿಂದ ಹಿಂದೆ ಸರಿದಳು. ಆಮೇಲೆ ಅಪ್ಪ ಸ್ನಾನಕ್ಕೆ ಹೋದಾಗ ತೊಟ್ಟಿಯ ಮುಚ್ಚಳ ತೆಗೆದು, ಯಂತ್ರದ ಬೆಂಡನ್ನು ಇನ್ನೊಂದು ಬೆರಳಷ್ಟು ಕೆಳಗಿಳಿಸಿ ತಿರುಪು ಬಿಗಿ ಮಾಡಿದಳು. ಇನ್ನು ಅಪ್ಪ ಎರಡು ದಿನ ಮಲಗಿಬಿಟ್ಟರೂ ಯಂತ್ರ ಕಾಯುತ್ತದೆ. ಅದಕ್ಕೂ ಮೀರಿದರೆ ಮಾತ್ರ ಎದ್ದೇಳುತ್ತದೆ.

ಮರುದಿನ ನಲ್ಲಿಯ ಸದ್ದು ಕೇಳಿದಾಗ ಅವಳು ಬಾಗಿಲಲ್ಲಿ ನಿಲ್ಲದೆ ಹೊರಗೆ ಬಂದಳು. ಹೆಜ್ಜೆಯ ಸದ್ದಿಗೆ ಅಪ್ಪನ ಬೆನ್ನು ಬಿಗಿಯಿತು.

"ನಿಮ್ಮಮ್ಮನಿಗೆ ಹೇಳಬೇಡ," ಎಂದರು ತಿರುಗದೆ. "ಲೋಟದ ವಿಷಯ."

"ಹೇಳಲ್ಲ." ಅವಳು ಪಕ್ಕಕ್ಕೆ ಬಂದು ನಿಂತಳು. "ನಾನು ನೋಡ್ಲಾ?"

ಅಪ್ಪ ಅವಳ ಮುಖ ನೋಡಿದರು. ಲೋಟ ಅವಳ ಕಡೆಗೆ ಬಂತು, ಅಂಚಿನಲ್ಲಿ ನೀರು ತುಳುಕುತ್ತಿತ್ತು. ಅವಳು ಒಂದು ಗುಟುಕು ಕುಡಿದು ಕಣ್ಣು ಮುಚ್ಚಿದಳು.

"ಉಪ್ಪು," ಎಂದಳು.

ಆಡಬಾರದ್ದನ್ನು ಆಡಿಬಿಟ್ಟೆನೇ ಎಂದು ಅವಳಿಗೆ ಅಳುಕಾಯಿತು. ಕಣ್ಣು ಬಿಟ್ಟಾಗ ಅಪ್ಪ ಲೋಟ ಕಿತ್ತುಕೊಂಡು ತಲೆಯೆತ್ತಿ ಗಟಗಟ ಕುಡಿಯುತ್ತಿದ್ದರು. ನೀರು ಗಲ್ಲದಿಂದ ಇಳಿದು ಅಂಗಿಯ ಮೇಲೆ ಹರಿಯುತ್ತಿತ್ತು. ಪೂರ್ತಿ ಮುಗಿಸಿ, ಮುಖ ಹಿಂಡಿ, ಖಾಲಿ ಲೋಟವನ್ನು ಚಾಚಿದರು.

"ಹೋಗು, ಇನ್ನೊಂದು ಲೋಟ ತಂದು ನನ್ನ ಕೈಗೆ ಕೊಡು."

ಅವಳು ಅಡುಗೆಮನೆಗೆ ನಡೆದಳು. ಕೆಂಪು ಗೆರೆಯ ಕೆಳಗೆ ಒಂದೆಳೆಯಷ್ಟು ಜಾಗ ಖಾಲಿಯಿತ್ತು. ಮುದುಕಿ ಆ ಮೂಲೆಗೆ ಬಂದು ಬಾಯಿ ಮೇಲೆ ಮಾಡಿ ನಿಂತಿತ್ತು.