ಎರಡನೇ ಕೀ

ಬೆಳಗಿನ ಕಾಫಿ ಮುಗಿಸಿ ಜಯಸಿಂಹ ದಿನವೂ ಕೆಳಗಿಳಿದು ಕಾರು ಸ್ಟಾರ್ಟ್ ಮಾಡುತ್ತಿದ್ದರು. ಎಲ್ಲಿಗೂ ಹೋಗಲು ಅಲ್ಲ. ಕಾರ್ಖಾನೆಯಿಂದ ನಿವೃತ್ತರಾದ ಮೇಲೂ ಯಂತ್ರವೊಂದು ಸುಮ್ಮನೆ ನಿಂತಿರುವುದನ್ನು ಅವರಿಂದ ನೋಡಲಾಗುತ್ತಿರಲಿಲ್ಲ. ಅವರು ತೀರಿಕೊಂಡಾಗ ಹೆಂಡತಿ ಸೀತಾ ಆ ಕಾರಿನ ಕೀಯನ್ನೂ ಅಸ್ಥಿಯ ಮಡಕೆಯಲ್ಲಿಟ್ಟು ಶ್ರೀರಂಗಪಟ್ಟಣದ ಸಂಗಮದಲ್ಲಿ ಬಿಟ್ಟರು. ಇದ್ದದ್ದು ಅದೊಂದೇ ಕೀ ಎಂಬುದು ಮಗಳು ಶರಣ್ಯಳಿಗೆ ಮನೆಗೆ ಬಂದ ಮೇಲೆ ಹೊಳೆಯಿತು.

ವರ್ಷ ಕಳೆಯಿತು. ಅಪ್ಪನ ಬಗ್ಗೆ ಇಬ್ಬರೂ ಮಾತಾಡುತ್ತಿರಲಿಲ್ಲ. ಈ ಮಳೆಗಾಲದಲ್ಲಿ ಕಾರು ನಿಂತಿದ್ದ ಬೇಸ್‌ಮೆಂಟಿಗೆ ನೀರು ನುಗ್ಗಿ ಎಂಜಿನ್ನಿನ ಕಂಪ್ಯೂಟರೂ ಹಾಳಾಯಿತು. ಗುಜರಿಗೆ ಹಾಕೋಣ ಎಂದಳು ಶರಣ್ಯ. "ರಿಪೇರಿ ಮಾಡ್ಸು" ಎಂದರು ಸೀತಾ. ಅಷ್ಟೇ. ಅಮ್ಮನಿಗೆ ಕಣ್ಣಾಸ್ಪತ್ರೆಗೆ ಹೋಗಿಬರಲು ಬೇಕೇನೋ ಎಂದುಕೊಂಡಳು ಅವಳು.

ದೊಡ್ಡನೆಕ್ಕುಂದಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್ ನರೇಶ್, ಅತ್ತಿಬೆಲೆಯ ಗುಜರಿಯಿಂದ ತಂದ ಬೇರೆ ಕಾರಿನ ಕಂಪ್ಯೂಟರ್ ಕೂರಿಸಿ, ಹೊಸದಾಗಿ ಮಾಡಿಸಿದ ಕೀ ತಿರುಗಿಸಿದ. ಎಂಜಿನ್ ಹತ್ತಿಕೊಂಡಿತು, ಒಂದು ಉಸಿರೆಳೆಯುವಷ್ಟರಲ್ಲಿ ನಿಂತುಹೋಯಿತು. ಮೀಟರಿನ ಬಳಿ ಕೀಯ ಕೆಂಪು ಚಿತ್ರವೊಂದು ಮಿನುಗತೊಡಗಿತು.

"ಎಂಜಿನ್‌ದೇನೂ ತೊಂದ್ರೆ ಇಲ್ಲ ಮೇಡಂ. ನಮ್ಮನ್ನ ಕಳ್ಳರು ಅಂದ್ಕೊಂಡಿದೆ" ಎಂದು ನರೇಶ್ ನಕ್ಕ. "ಈ ಕಂಪ್ಯೂಟರ್ ಡಬ್ಬಿಗೆ ಅದರ ಹಳೇ ಓನರ್ ಕೀ ಮಾತ್ರ ಗೊತ್ತು. ನಿಮ್ಮ ಡಬ್ಬಿ ನೀರಲ್ಲಿ ಸತ್ತೋಗಿದ್ರೂ ಒಳಗಿರೋ ನೆನಪು ಹಾಗೇ ಇದೆ. ಅದನ್ನ ಇದಕ್ಕೆ ಹಾಕಿ, ಹೊಸ ಕೀ ಸೇರಿಸ್ತೀನಿ. ಕಳ್ದೋಗಿರೋ ಹಳೇ ಕೀನ ಅಳಿಸಿಬಿಡ್ತೀನಿ."

ಪ್ಲಾಸ್ಟಿಕ್ ಕುರ್ಚಿಯಿಂದ ಸೀತಾ ಎದ್ದು ಬಂದರು. "ಕಳೆದಿಲ್ಲಪ್ಪ ಅದು. ನಮ್ಮನೆಯವರ ಹತ್ರ ಇದೆ."

ನರೇಶ್ ಶರಣ್ಯಳ ಮುಖ ನೋಡಿದ.

"ಅಪ್ಪ ಇಲ್ಲ" ಎಂದಳು ಅವಳು. "ಕೀ ಹೊಳೇಲಿದೆ."

"ಹಂಗಾದ್ರೆ ಅಳಿಸ್ಲೇಬೇಕು. ಯಾವ್ದಾದ್ರೂ ಮೀನು ಬಂದು ಗಾಡಿ ಎತ್ಕೊಂಡ್ ಹೋದ್ರೆ?"

ಸೀತಾ ಬಾನೆಟ್ಟಿನ ಮೇಲೆ ಕೈಯಿಟ್ಟರು.

"ದಿನಾ ಬೆಳಿಗ್ಗೆ ಮೆಟ್ಟಿಲಲ್ಲಿ ಚಪ್ಪಲಿ ಸದ್ದು ಕೇಳುತ್ತೆ ಕಣೇ. ನಿಮ್ಮಪ್ಪ ಇಳಿದು ಹೋಗ್ತಾರೆ. ಆಮೇಲೆ ಗಾಡಿ ಸದ್ದೇ ಬರಲ್ಲ. ಒಳಗೆ ಎಷ್ಟು ಹೊತ್ತು ಕೂತಿರ್ತಾರೋ, ಪಾಪ."

ಅದು ಮೇಲಿನ ಮನೆಯವರ ಚಪ್ಪಲಿ ಎಂದು ಶರಣ್ಯ ಹೇಳಬಹುದಿತ್ತು. ಅಮ್ಮನ ಬೆರಳುಗಳು ಬಾನೆಟ್ಟಿನ ಧೂಳನ್ನು ಒರೆಸುತ್ತಲೇ ಇದ್ದವು.

ಹಳೆಯ ಕಂಪ್ಯೂಟರಿನ ನೆನಪನ್ನು ಹೊಸದಕ್ಕೆ ತುಂಬಿಸುವಷ್ಟರಲ್ಲಿ ಸಂಜೆಯಾಯಿತು. ಲ್ಯಾಪ್‌ಟಾಪಿನಿಂದ ತಲೆಯೆತ್ತದೆ ನರೇಶ್ ಕೇಳಿದ: "ಹೇಳಿ ಮೇಡಂ, ಹಳೇದು ತೆಗೀಲಾ? ಎಷ್ಟು ಕೀ ಇರ್ಬೇಕು?"

ಸೀತಾ ಮಗಳ ಕಡೆ ನೋಡಲಿಲ್ಲ. ರಸ್ತೆಯ ಕಡೆ ತಿರುಗಿ ನಿಂತಿದ್ದರು.

"ಎರಡು" ಎಂದಳು ಶರಣ್ಯ.

ಈ ಸಲ ಎಂಜಿನ್ ನಿಲ್ಲಲಿಲ್ಲ. ಮನೆಗೆ ಬರುವಾಗ ಸೀತಾ ಮುಂದಿನ ಸೀಟು ಖಾಲಿ ಬಿಟ್ಟು ಹಿಂದಿನ ಸೀಟಿನಲ್ಲಿ ಕೂತರು.

ಮರುದಿನ ಬೆಳಕು ಹರಿಯುವಾಗ ಶರಣ್ಯಳಿಗೆ ಎಚ್ಚರವಾಯಿತು. ದಿಂಬಿನಡಿ ಮುಟ್ಟಿ ನೋಡಿಕೊಂಡಳು. ಹೊಸ ಕೀ ಇತ್ತು. ಮೆಟ್ಟಿಲಲ್ಲಿ ಚಪ್ಪಲಿಯ ಸದ್ದು ಇಳಿಯುತ್ತಿತ್ತು. ಅಡುಗೆಮನೆಯಲ್ಲಿ ಅಮ್ಮ ನಲ್ಲಿ ನಿಲ್ಲಿಸಿದರು. ಮೇಲಿನ ಮನೆಯವರು, ಎಂದುಕೊಂಡಳು ಶರಣ್ಯ. ಸದ್ದು ಗೇಟಿನ ಕಡೆ ತಿರುಗಲಿಲ್ಲ. ಬೇಸ್‌ಮೆಂಟಿನವರೆಗೂ ಇಳಿದು ನಿಂತಿತು.

ಕೀಯನ್ನು ಮುಷ್ಟಿಯಲ್ಲಿ ಬಿಗಿಹಿಡಿದು, ಅವಳೂ ಗಾಡಿಯ ಸದ್ದಿಗೆ ಕಿವಿಗೊಟ್ಟಳು.