ಹಳಿ ತಪ್ಪಿಸುವ ಶಾಸ್ತ್ರ

“ತಿರುಗಿಸಬೇಕಾದವರು ನೀವೇ ತಾಯಿ,” ಎಂದು ಮೇಷ್ಟ್ರು ಮೇಜಿನ ಅಂಚಿನ ಕೆಳಗೆ ಅಡಗಿಸಿಟ್ಟಿದ್ದ ಪುಟ್ಟ ಕಪ್ಪು ಸ್ವಿಚ್ಚನ್ನು ತೋರಿಸಿದರು. “ಹೊಸಬರನ್ನ ಯಾರು ಕರ್ಕೊಂಡು ಬರ್ತಾರೋ ಅವರೇ ತಿರುಗಿಸೋದು. ಇಪ್ಪತ್ತೆರಡು ವರ್ಷದಿಂದ ಇದೇ ಶಾಸ್ತ್ರ.”

ಅವಳ ಕೈ ತಾನಾಗಿಯೇ ಬೆನ್ನ ಹಿಂದೆ ಹೋಯಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರು ಅನ್ನುತ್ತಾರಲ್ಲ, ಹಾಗೆ. ಮೇಷ್ಟ್ರಿಗೆ ಅದು ನಾಚಿಕೆಯಂತೆ ಕಂಡಿತು.

ಸಂಘದ ಕೋಣೆ ಒಂದು ಮರಗೆಲಸದ ಅಂಗಡಿಯ ಮಹಡಿಯ ಮೇಲಿತ್ತು. ಕೋಣೆಯ ತುಂಬ ಒಂದೇ ಮೇಜು, ಮೇಜಿನ ತುಂಬ ಒಂದು ಊರು: ಬೆಂಕಿಪೊಟ್ಟಣದಷ್ಟು ಮನೆಗಳು, ಸ್ಪಂಜಿನ ಮರಗಳು, ಗೇಣುದ್ದದ ಸ್ಟೇಷನ್ನು, ಅದರ ಸುತ್ತ ಬಳ್ಳಿಯ ಹಾಗೆ ಹಬ್ಬಿದ ಹಳಿಗಳು. ಆಟಿಕೆ ರೈಲು ಅಂದರೆ ಇಲ್ಲಿನವರಿಗೆ ಮೂಗಿನ ತುದಿಯಲ್ಲೇ ಕೋಪ. ಮಾದರಿ ರೈಲು ಅನ್ನಬೇಕು. ಭಾನುವಾರ ಮಧ್ಯಾಹ್ನ ಊಟವಾದ ಮೇಲೆ ಏಳೆಂಟು ಜನ ಸೇರುತ್ತಿದ್ದರು. ಶಾಲೆಯಿಂದ ನಿವೃತ್ತರಾದ ಈ ಮೇಷ್ಟ್ರೇ ಅವರಿಗೆಲ್ಲ ಹಿರಿಯರು.

“ಏನಿಲ್ಲ, ಹೊಸಬರ ಮೊದಲನೇ ರೈಲು ಬೀಳಬೇಕು,” ಎಂದು ಅವರು ಪಿಸುಗುಟ್ಟಿದರು. “ಹಳಿ ಕವಲಾಗೋ ಪಾಯಿಂಟಿನ ಮೇಲೆ ರೈಲು ಬಂದಾಗ ಇದನ್ನ ತಿರುಗಿಸಿದರೆ ಅರ್ಧ ಡಬ್ಬಿ ಆ ಹಳಿಗೆ, ಅರ್ಧ ಈ ಹಳಿಗೆ. ಎಲ್ಲಾ ಚಪ್ಪಾಳೆ ತಟ್ತೀವಿ, ಟೀ ಕೊಡ್ತೀವಿ. ಬಿದ್ದೋರೇ ನಮ್ಮೋರು.”

“ಅಪ್ಪಂಗೆ ಬೇಡ ಮೇಷ್ಟ್ರೇ. ಮನಸ್ಸಿಗೆ ಹಚ್ಕೋತಾರೆ.”

“ಅಯ್ಯೋ, ರೈಲ್ವೆಯವರು ಅಂದ್ಮೇಲೆ ಇನ್ನೂ ಮಜಾ ಅಲ್ವಾ? ಇಷ್ಟು ವರ್ಷಕ್ಕೆ ಒಬ್ಬ ಅಸಲಿ ಆಸಾಮಿ ಸಿಕ್ಕಿದ್ದಾರೆ. ನಿಮಗೆ ಆಗದಿದ್ರೆ ಬಿಡಿ, ನಮ್ಮ ಸಂಘದ ಹಲ್ಲಿನ ಡಾಕ್ಟ್ರು ಇದ್ದಾರೆ, ಅವರು ತಿರುಗಿಸ್ತಾರೆ.”

ಪುಣ್ಯಾತ್ಮರಿಗೆ ಏನು ಗೊತ್ತು? ಅಪ್ಪ ರೈಲ್ವೆ ಯಾರ್ಡಿನ ಕ್ಯಾಬಿನ್ನಿನಲ್ಲಿ ಪಾಯಿಂಟು ತಿರುಗಿಸುವ ಕೆಲಸದಲ್ಲಿದ್ದವನು. ಮೂವತ್ತೊಂದು ವರ್ಷದ ಹಿಂದೆ ಒಂದು ಮಧ್ಯಾಹ್ನ ಎಂಜಿನ್ನು ಹೋಗಬಾರದ ಹಳಿಗೆ ಹೋಯಿತು. ಆ ಹಳಿಯಲ್ಲಿ ನಿಂತಿದ್ದ ವ್ಯಾಗನ್ನಿನ ಅಡಿಯಲ್ಲಿ ಒಬ್ಬ ಫಿಟ್ಟರು ಮಲಗಿಕೊಂಡು ಬೋಲ್ಟು ಬಿಗಿಯುತ್ತಿದ್ದ. “ಸ್ವಿಚ್ಚು ಸರಿಯಾಗೇ ಇಟ್ಟಿದ್ದೆ. ಊಟ ಮಾಡ್ತಿದ್ದಾಗ ಹಿಂದೆ ಟಕ್ ಅಂದ ಹಾಗಾಯ್ತು,” ಎಂದು ಅಪ್ಪ ವಿಚಾರಣೆಯಲ್ಲಿ ಹೇಳಿದ್ದಕ್ಕೆ ಸಾಹೇಬರು ನಕ್ಕರಂತೆ. ಕೆಲಸ ಹೋಯಿತು. ಬರುಬರುತ್ತಾ ಅಪ್ಪನೂ ನಂಬಿಬಿಟ್ಟ, ಟಕ್ ಅಂದದ್ದು ತನ್ನ ಭ್ರಮೆ, ತಪ್ಪಿದ್ದು ತನ್ನದೇ ಕೈ ಎಂದು.

ಟಕ್ ಎಂದದ್ದು ನಿಜ. ಆ ದಿನ ಬುತ್ತಿ ಕೊಟ್ಟ ಒಂಬತ್ತು ವರ್ಷದ ಮಗಳನ್ನು ಅಪ್ಪ “ಬೇಗ ಮನೆಗೆ ಹೋಗು” ಎಂದು ಕಳಿಸಿ, ಗೋಡೆಯ ಕಡೆ ಮುಖ ಮಾಡಿ ಉಣ್ಣಲು ಕೂತಿದ್ದ. ಅವಳು ಹೋಗಿರಲಿಲ್ಲ. ಸಾಲಾಗಿ ಹೊಳೆಯುತ್ತಿದ್ದ ಕಪ್ಪು ಸ್ವಿಚ್ಚುಗಳಲ್ಲಿ ಒಂದನ್ನು ಸುಮ್ಮನೆ ತಿರುಗಿಸಿ, ಆ ಸದ್ದಿಗೇ ಹೆದರಿ ಮೆಟ್ಟಿಲಿಳಿದು ಓಡಿದ್ದಳು. ಅಮ್ಮ ಸಾಯುವಾಗಲೂ ಅವಳು ಬಾಯಿ ಬಿಡಲಿಲ್ಲ. ಈಗ ಒಂದು ವರ್ಷದಿಂದ ಅಪ್ಪ ಹೊಸ್ತಿಲು ದಾಟುವುದನ್ನೇ ಬಿಟ್ಟಿದ್ದರಿಂದ, ಇಲ್ಲಾದರೂ ನಾಲ್ಕು ಜನರ ಜೊತೆ ಬೆರೆಯಲಿ ಎಂದು ತಾನೇ ಕರೆತಂದಿದ್ದಳು. ಮಾಡಿದ್ದಕ್ಕೆ ಇಷ್ಟಾದರೂ ತೀರಿಸೋಣ ಎಂಬ ಲೆಕ್ಕವೂ ಮನಸ್ಸಿನಲ್ಲಿತ್ತು.

ಅವಳು ಮೇಜು ಸುತ್ತಿ ಅಪ್ಪನ ಹತ್ತಿರ ಹೋದಳು. ಅವನು ಬಗ್ಗಿ ಒಂದೊಂದೇ ಪಾಯಿಂಟನ್ನು ಉಗುರಿನಿಂದ ಮುಟ್ಟಿ ನೋಡುತ್ತಿದ್ದ.

“ಅಪ್ಪಾ, ತಲೆ ನೋಯ್ತಿದೆ. ಹೋಗೋಣ ಬಾ.”

“ಇರೇ, ಒಂದು ಸುತ್ತು ಹೊಡಿಸ್ತೀನಿ. ಎಷ್ಟು ಚೆನ್ನಾಗಿ ಮಾಡವ್ರೆ ನೋಡು.”

ಅಪ್ಪನ ಮುಖ ಅಷ್ಟು ಅರಳಿದ್ದನ್ನು ಅವಳು ನೋಡಿ ಎಷ್ಟೋ ವರ್ಷವಾಗಿತ್ತು. ಶಾಸ್ತ್ರದ ಮಾತನ್ನು ಹೇಳದೆ ಪಕ್ಕಕ್ಕೆ ಸರಿದು ನಿಂತಳು.

ಅಪ್ಪ ಸ್ವಿಚ್ಚುಗಳನ್ನು ಎರಡೆರಡು ಸಲ ನೋಡಿ ರೈಲು ಬಿಟ್ಟ. ಹಸಿರು ಎಂಜಿನ್ನು, ಹಿಂದೆ ಆರು ಡಬ್ಬಿ. ಸುರಂಗ ದಾಟಿತು, ಸೇತುವೆ ದಾಟಿತು. ಎಲ್ಲರ ಕಣ್ಣೂ ರೈಲಿನ ಮೇಲೆ. ಹಲ್ಲಿನ ಡಾಕ್ಟ್ರ ಕೈ ಮೇಜಿನ ಕೆಳಗೆ ಹೋದದ್ದನ್ನು ಅವಳೊಬ್ಬಳೇ ನೋಡಿದಳು. ಬೇಡ ಅನ್ನಲು ಆಗಲೂ ಒಂದು ಉಸಿರಿನಷ್ಟು ಹೊತ್ತಿತ್ತು. ಅನ್ನಲಿಲ್ಲ.

ಟಕ್.

ಮೂರು ಡಬ್ಬಿ ಮಗುಚಿದವು. ಒಂದು ಸ್ಟೇಷನ್ನಿನ ಮೇಲೆ ಬಿದ್ದು ಅಲ್ಲಿ ನಿಂತಿದ್ದ ಉಗುರುದ್ದದ ಗೊಂಬೆ ಮನುಷ್ಯನನ್ನು ಕೆಡವಿತು. ಎಲ್ಲರೂ ಚಪ್ಪಾಳೆ ತಟ್ಟಿದರು.

“ಟಕ್ ಅಂತು,” ಅಂದ ಅಪ್ಪ. “ನಿಮಗೂ ಕೇಳಿಸ್ತಾ?”

“ಕೇಳಿಸದೆ ಏನು ಯಜಮಾನ್ರೇ, ಡಾಕ್ಟ್ರು ತಿರುಗಿಸಿದ್ದು. ನ್ಯಾಯವಾಗಿ ನಿಮ್ಮ ಮಗಳು ತಿರುಗಿಸಬೇಕಿತ್ತು, ಅವರು ಕೈ ಹಿಂದಕ್ಕೆ ಕಟ್ಟಿಕೊಂಡ್ರು.” ಮೇಷ್ಟ್ರು ನಕ್ಕು ಶಾಸ್ತ್ರವನ್ನೆಲ್ಲ ವಿವರಿಸಿದರು.

“ಅಂದ್ರೆ ನನಗೆ ಗೊತ್ತಾಗದ ಹಾಗೆ ಹಿಂದೆ ನಿಂತು ಯಾರಾದ್ರೂ ತಿರುಗಿಸಬಹುದು.”

“ಅದೇ ಅಲ್ವಾ ತಮಾಷೆ.”

ಅಪ್ಪ ಅವಳ ಕಡೆ ತಿರುಗಿದ. ಅವಳ ಕೈಗಳು ಇನ್ನೂ ಬೆನ್ನ ಹಿಂದೆಯೇ ಇದ್ದವು. “ನೀನ್ಯಾಕೆ ತಿರುಗಿಸಲಿಲ್ಲ?”

“ನಿನಗೆ ಬೇಜಾರಾಗುತ್ತೆ ಅಂತ.”

ಅವನು ಮೇಜಿನತ್ತ ಬಗ್ಗಿದ. ಡಬ್ಬಿಗಳನ್ನು ಒಂದೊಂದಾಗಿ ಎತ್ತಿ, ಚಕ್ರ ಕೂರಿಸಿ, ಹಳಿಗೆ ಹತ್ತಿಸಿದ. ಬಿದ್ದಿದ್ದ ಮನುಷ್ಯನನ್ನು ಅಂಗೈಯಲ್ಲಿ ಇಟ್ಟುಕೊಂಡು ನೋಡಿ, ಅವನ ಜಾಗದಲ್ಲಿ ನಿಲ್ಲಿಸಿದ. ಡಾಕ್ಟ್ರು ಟೀ ತಂದರು. ಅಪ್ಪ ಲೋಟ ತೆಗೆದುಕೊಂಡು ಸ್ಟೂಲನ್ನು ಎಳೆದ. ಎಲ್ಲರಿಗೂ ಬೆನ್ನು ಹಾಕಿ ಗೋಡೆಯ ಕಡೆ ಮುಖ ಮಾಡಿ ಕೂತ.

“ಮಗಾ,” ಅಂದ. ಚಿಕ್ಕವಳಾಗಿದ್ದಾಗ ಕರೆಯುತ್ತಿದ್ದ ಹಾಗೆ. “ಶಾಸ್ತ್ರ ಬಿಡಬಾರದು. ಈಗ ನೀನು ತಿರುಗಿಸು.”

“ಹಾಗನ್ನಿ ಯಜಮಾನ್ರೇ,” ಎಂದರು ಮೇಷ್ಟ್ರು. ಎಲ್ಲರೂ ನಗುತ್ತಾ ಅವಳಿಗೆ ದಾರಿ ಬಿಟ್ಟರು. ಅವಳು ಮೇಜಿನ ಕೆಳಗೆ ಕೈ ಹಾಕಿದಳು. ಸ್ವಿಚ್ಚು ಬೆರಳಿಗೆ ತಣ್ಣಗೆ ತಾಕಿತು.

ಟಕ್.

ಬಾಯಿಯ ಹತ್ತಿರ ಹೋಗುತ್ತಿದ್ದ ಅಪ್ಪನ ಲೋಟ ಅಲ್ಲೇ ನಿಂತಿತು.

“ಇನ್ನೊಂದ್ಸಲ,” ಅಂದ, ತಿರುಗಿ ನೋಡದೆ.

ಅವಳು ತಿರುಗಿಸಿದಳು. ಮೇಜಿನ ಮೇಲೆ, ರೈಲಿಲ್ಲದ ಕಡೆ, ಬೆರಳುದ್ದದ ಹಳಿಯೊಂದು ಈ ಕಡೆಯಿಂದ ಆ ಕಡೆಗೆ ಸರಿದು ನಿಂತಿತು.